ಶಿಕ್ಷಕರ ವಿದ್ಯಾರ್ಹತೆ: ಪೋಷಕರಿಗಿರುವ ತಿಳಿಯುವ ಹಕ್ಕು

ಮಕ್ಕಳಿಗೆ ಪಾಠ ಹೇಳುವವರ ಓದು, ತರಬೇತಿಗಳ ವಿವರವನ್ನು ಕೇಳಿ ಪಡೆಯಲು ಪೋಷಕರಿಗಿರುವ ಅವಕಾಶ. ಅಮೆರಿಕದಲ್ಲಿ 2002ರಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ಇದನ್ನು ನೇರವಾಗಿಯೇ ಬರೆದಿತ್ತು. ಕರ್ನಾಟಕದಲ್ಲಿ ಮಾತ್ರ ಇದನ್ನು ನಾಲ್ಕಾರು ಕಾಯ್ದೆ, ನಿಯಮಗಳಿಂದ ಹೆಕ್ಕಿಕೊಳ್ಳಬೇಕು.

ಬಳ್ಳಾರಿಯನ್ನೇ ನೋಡಿ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಅನುದಾನಿತ ಶಾಲೆಯ ಮೇಷ್ಟ್ರ ಪ್ರಮಾಣಪತ್ರ ನೋಡುವುದು ಆಗ ಇನ್‌ಸ್ಪೆಕ್ಟರರ ಕೆಲಸ. ಹೆತ್ತವರಿಗೆ ಅದರ ಗೊಡವೆಯಿರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ಪೋಷಕರಿಗೆ ಕುರ್ಚಿ ಸಿಕ್ಕಿದ್ದು 2001ರಲ್ಲಿ, ಎಸ್‌ಡಿಎಂಸಿಗಳು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ರಚನೆಯಾದಾಗ.

2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಂ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಆಗಸ್ಟ್ 23ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಅಧಿಸೂಚನೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ (ಟಿಇಟಿ) ಸೇರಿಸಿತು. ಹೆಚ್ಚು ಬೆಲೆಯುಳ್ಳದ್ದು, ಆದರೆ ಹೆಚ್ಚಿನವರು ಗಮನಿಸದ್ದು, ಕೇಂದ್ರದ 2010ರ ಮಾದರಿ ನಿಯಮಗಳ ನಮೂನೆ-1. ಮಾನ್ಯತೆ ಕೇಳುವ ಖಾಸಗಿ ಶಾಲೆ ಪ್ರತಿ ಶಿಕ್ಷಕರ ಪದವಿ, ವೃತ್ತಿ ತರಬೇತಿ, ಬೋಧನಾನುಭವ, ಕಲಿಸುವ ತರಗತಿಗಳನ್ನು ಅದರಲ್ಲಿ ತುಂಬಬೇಕು; ಹದಿನೈದು ದಿನದೊಳಗೆ ಅಧಿಕಾರಿ ಅದನ್ನು ಸಾರ್ವಜನಿಕರ ಮುಂದಿಡಬೇಕು.

ತೊಡಕೂ ಇಲ್ಲಿಯೇ ಇದೆ. ಅರ್ಹತೆಯ ನಿಯಮ ಖಾಸಗಿ ಶಾಲೆಗಳಿಗೂ ಅನ್ವಯ. ಅದೇ ಕಾಯ್ದೆ ಹೇಳುವ, ಮುಕ್ಕಾಲು ಪಾಲು ಪೋಷಕರೇ ಇರಬೇಕಾದ ಶಾಲಾ ಸಮಿತಿ ಮಾತ್ರ ಅನುದಾನರಹಿತ ಶಾಲೆಗೆ ಬೇಕಿಲ್ಲ. ಶುಲ್ಕ ಕಟ್ಟುವವರಿಗೇ ಈ ವೇದಿಕೆಯಿಲ್ಲ ಎಂಬುದು ವಿಚಿತ್ರವೇ ಸರಿ. ಸಿಬಿಎಸ್‌ಇ ಶಾಲೆಗಳು ಶಿಕ್ಷಕರ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕು ಎಂಬುದಷ್ಟೇ ಸಮಾಧಾನ.

ಹಾಗಾಗಿ ಬಳ್ಳಾರಿಯ ಪಾರ್ವತಿನಗರದ ಪೋಷಕರಿಗೆ ಉಳಿದಿರುವ ದಾರಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯದು. ಅನುದಾನರಹಿತ ಶಾಲೆ ಸಾಮಾನ್ಯವಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯ ಕೈಗೆ ಸಿಗದಿದ್ದರೂ, ಅದು ಇಲಾಖೆಗೆ ಸಲ್ಲಿಸಿದ ಕಡತ ಸಿಗುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಒಂದೇ ವಿಷಯವನ್ನು 150 ಪದ ಮೀರದಂತೆ ಬರೆದುಕೊಟ್ಟರೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅದೇ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನವರಿಗೂ ಇದೇ ಕ್ರಮ. ಶಿಕ್ಷಕರ ಮನೆ ವಿಳಾಸ, ಜನ್ಮದಿನಾಂಕ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬರುವುದು ಸಹಜ. ಪದವಿ, ತರಬೇತಿಗಳನ್ನಷ್ಟೇ ಕೇಳುವುದು ಜಾಣತನ. ಅತಿಥಿ ಶಿಕ್ಷಕರ ಬಗೆಗೂ ಹೀಗೆಯೇ ಕೇಳಬಹುದು.

ಟಿಇಟಿ ಆಗಿದೆಯೇ ಎಂದು ಕೇಳಲು ಈಗ ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಇದು ಅನ್ವಯವೇ ಎಂಬ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಟ್ಟಿತು.