ಅಂಟುವಾಳ

ಭಟ್ಕಳ, ಹೊನ್ನಾವರ, ಕುಮಟೆಯ ಕಡೆ ರೇಷ್ಮೆ ಸೀರೆ ತೊಳೆಯಲು, ಒಡವೆಯ ಕೊಳೆ ಬಿಡಿಸಲು ಬೇಕಾದ ಕಾಯಿ ಇದು. ಅಂಟವಾಳ, ಅಂಟಲಕಾಯಿ, ನೊರೆಕಾಯಿ ಎಂದೂ ಹೆಸರುಂಟು. ‘ಅಂಟು’ ಎಲ್ಲಿಂದ ಬಂತೆಂದು ಹಣ್ಣಿನ ತಿರುಳು ಮುಟ್ಟಿದವರಿಗೆ ಹೇಳಬೇಕಿಲ್ಲ. ಕನ್ನಡ ಬೆರಳಿಗೆ ತಾಗಿದ್ದನ್ನು ಹೆಸರಾಗಿಸಿತು. ಲ್ಯಾಟಿನ್ ಕೆಲಸ ನೋಡಿ ‘ಸಪಿಂಡಸ್’, ಅಂದರೆ ಭಾರತದ ಸಾಬೂನು, ಎಂದಿತು. ನೊರೆ ಬರಿಸುವ ‘ಸಪೋನಿನ್’ಗೂ ಅದೇ ಬೇರು. ಅರಬ್ಬಿ ದಾರಿ ಹಿಡಿದು ಬಂದ ನಮ್ಮ ‘ಸಾಬೂನು’ ಕೂಡ ಅದೇ ಮನೆತನದ್ದು!

ಈ ಸಪೋನಿನ್ ಜೀವಕೋಶದ ಪೊರೆಯನ್ನೇ ಕೆಡಿಸುತ್ತದೆ. ಗದ್ದೆ, ಕೆರೆಯ ನಿಂತ ನೀರಿನ ಕೆಲವು ಬಸವನಹುಳುಗಳ ಮೈಯಲ್ಲಿ ಬೆಳೆದು ಹುಲ್ಲಿನ ಮೂಲಕ ದನದ ಹೊಟ್ಟೆ ಸೇರುವ ಯಕೃತ್ತಿನ ಹುಳುವನ್ನು ತಡೆಯಲು ಆ ಬಸವನಹುಳುಗಳನ್ನೇ ಇದರಿಂದ ಕೊಲ್ಲುವುದು ಒಂದು ದಾರಿ. ಉತ್ತರ ಭಾರತದ ಅಂಟುವಾಳದ ಸಾರ ಅಂಥ ಬಸವನಹುಳುಗಳನ್ನು ಕೊಲ್ಲುವುದನ್ನು ಗೋರಖಪುರದ ಸಂಶೋಧಕರು ತೋರಿಸಿದ್ದಾರೆ. ಇದಕ್ಕೂ ಮುಂಚೆ, 1964ರಲ್ಲಿ, ಇಥಿಯೋಪಿಯಾದ ವಿಜ್ಞಾನಿ ಅಕ್ಲಿಲು ಲೆಮ್ಮಾ ಅವರು, ಹೆಂಗಸರು ಇಂಥದೇ ನೊರೆಯ ‘ಎಂಡೊಡ್’ ಕಾಯಿಯಿಂದ ಬಟ್ಟೆ ಒಗೆಯುವ ಹೊಳೆಯಲ್ಲಿ ಸತ್ತ ಬಸವನಹುಳುಗಳನ್ನು ಕಂಡಿದ್ದರು. ಬಟ್ಟೆ ಒಗೆಯುವ ಕಲ್ಲಿನ ಬಳಿಯೇ ಪ್ರಯೋಗಶಾಲೆ!

ಹಾಗೆಂದು ಗೋಣಿಗಟ್ಟಲೆ ಅಂಟುವಾಳ ತಂದು ಕೆರೆಗೆ ಸುರಿಯುವಂತಿಲ್ಲ. ಅದರ ನೊರೆ ಮೀನಿಗೂ ವಿಷ.