ವಿಸಿಟ್ ವೀಸಾದಲ್ಲಿ ವಿದೇಶಕ್ಕೆ ಹೋಗಿ, ಅಲ್ಲೇ ಕೆಲಸದ ವೀಸಾ ಮಾಡಿಸಿಕೊಳ್ಳಬಹುದೇ?

ಸಾರಾಂಶ

‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ.’ ವಿದೇಶದಲ್ಲಿ ಕೆಲಸ ಹುಡುಕುವವರಿಗೆ ಮಧ್ಯವರ್ತಿಗಳು ಹೇಳುವ ಈ ಮಾತು ನಿಜವೇ? ನಾವು ಪರಿಶೀಲಿಸಿದಾಗ ಇದು ಬಹುಪಾಲು ದಾರಿ ತಪ್ಪಿಸುವ ಮಾತು ಎಂದು ಕಂಡುಬಂತು. ಯುಎಇಯಂಥ ಕೆಲವು ದೇಶಗಳು ಒಳಗಿದ್ದುಕೊಂಡೇ ವೀಸಾ ಬದಲಿಸಲು ಅವಕಾಶ ಕೊಡುತ್ತವೆ. ಆದರೆ ಹಾಗೆ ಹೋದ ಕಡಿಮೆ ಓದಿನ ಕಾರ್ಮಿಕರು, ಹೊರಡುವ ಮುನ್ನ ಭಾರತದ ಕಾನೂನು ಕೊಡುವ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ.

ಇಸಿಆರ್ ಪಾಸ್‌ಪೋರ್ಟ್ ಎಂದರೇನು?

ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುವ, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಒಬ್ಬರು ಡ್ರೈವರ್ ಕೆಲಸಕ್ಕೆ ದುಬೈಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಇರುತ್ತದೆ. ಅಂದರೆ, ಯುಎಇ, ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಇವರು ಭಾರತ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ.

ಇದೊಂದು ಅಡ್ಡಿ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ಕಾರ್ಮಿಕರ ಪರವಾಗಿರುವ ಏರ್ಪಾಡು. ಅನುಮತಿ ಕೊಡುವ ಮುನ್ನ ಮಾಲೀಕ ಯಾರು, ಸಂಬಳ ಎಷ್ಟು, ಕೆಲಸದ ಒಪ್ಪಂದದಲ್ಲಿ ಏನಿದೆ ಎಂಬುದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ದಾಖಲಾಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯ ಪಾಲಿಸಿ ಮಾಡಿಸಬೇಕು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಎರಡು ವರ್ಷಕ್ಕೆ ಇದರ ಕಂತು 275 ರೂಪಾಯಿ.

ವಿಸಿಟ್ ವೀಸಾದವರಿಗೆ ಈ ಅನುಮತಿ ಬೇಕಿಲ್ಲ. ಕೆಲವು ಏಜೆಂಟರು ಬಳಸಿಕೊಳ್ಳುವುದು ಇದನ್ನೇ. ಇಸಿಆರ್ ಪಾಸ್‌ಪೋರ್ಟ್ ಇರುವ 30 ವರ್ಷದೊಳಗಿನ ಮಹಿಳೆಯರಿಗೆ ಈ ದೇಶಗಳಿಗೆ ಕೆಲಸಕ್ಕೆ ಹೋಗಲು ಅನುಮತಿಯೇ ಇಲ್ಲ. ಹೀಗಾಗಿ ಅಂಥವರಿಗೆ ಯಾರಾದರೂ ಮನೆಕೆಲಸದ ಆಸೆ ತೋರಿಸಿ ವಿಸಿಟ್ ವೀಸಾ ಕೊಡಿಸಿದರೆ ವಿಶೇಷ ಎಚ್ಚರಿಕೆ ಬೇಕು.

ಆಮೇಲೆ ಏನಾಗುತ್ತದೆ?

ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಾಮ್ ದಂಡ ಬೀಳುತ್ತದೆ. ಸಂಬಳ ಕೊಡದಿದ್ದರೆ ತೋರಿಸಲು ಒಪ್ಪಂದವೇ ಇರುವುದಿಲ್ಲ. ಹೋಗುವಾಗ ಒಡವೆ ಅಡವಿಟ್ಟು ತಂದ ಸಾಲ ಮಾತ್ರ ಊರಿನಲ್ಲಿ ಬೆಳೆಯುತ್ತಿರುತ್ತದೆ.

ಸಂಕಟ ಬಂದಾಗ ರಾಯಭಾರ ಕಚೇರಿ ನೆರವಾಗುತ್ತದೆ, ನಿಜ. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ, ಅಲ್ಲಿ ಸಿಲುಕಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರನ್ನು ‘ಆಪರೇಷನ್ ಕಾವೇರಿ’ಯಡಿ ಕರೆತರಲಾಯಿತು. ಆದರೆ ಜೀವ ಉಳಿಸಿ ಕರೆತರುವುದು ಬೇರೆ, ಬಾಕಿ ಸಂಬಳ ಕೊಡಿಸುವುದು ಬೇರೆ. ಎರಡನೆಯದಕ್ಕೆ ಕಾಗದಪತ್ರ ಬೇಕು.

ಹತ್ತನೇ ತರಗತಿ ಪಾಸಾದವರಿಗೆ ಈ ನಿಯಮವಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಆದರೆ ನರ್ಸ್‌ಗಳ ವಿಷಯ ಬೇರೆ. ಮಾಗಡಿಯ ಬಿಎಸ್ಸಿ ನರ್ಸಿಂಗ್ ಪದವೀಧರೆಯೂ ಆ 18 ದೇಶಗಳಿಗೆ ನರ್ಸ್ ಆಗಿ ಹೋಗಲು ವಲಸೆ ಅನುಮತಿ ಪಡೆಯಲೇಬೇಕು. 2015ರಿಂದ ಈ ನಿಯಮವಿದೆ.

ಕೆಲಸದ ವೀಸಾ ಸಿಕ್ಕರೆ ಅಲ್ಲೇ ನೆಲೆಸಬಹುದೇ?

ಇದು ಎರಡನೇ ತಪ್ಪು ತಿಳಿವಳಿಕೆ. ದೇಶದೊಳಗೆ ಹೋಗುವುದು, ಕೆಲಸ ಮಾಡುವುದು, ಕಾಯಂ ನೆಲೆಸುವುದು ಮೂರೂ ಬೇರೆ ಬೇರೆ ಅನುಮತಿಗಳು. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಕೊಲ್ಲಿ ದೇಶಗಳು: ಸಾಮಾನ್ಯ ಕಾರ್ಮಿಕರ ವಾಸದ ಪರವಾನಗಿ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಇಪ್ಪತ್ತು ವರ್ಷ ದುಡಿದರೂ ಕಾಯಂ ವಾಸದ ಹಕ್ಕು ಹುಟ್ಟುವುದಿಲ್ಲ.

ಜಪಾನ್: ನಿರ್ದಿಷ್ಟ ಕೌಶಲ ವೀಸಾಕ್ಕಾಗಿ ಭಾರತದೊಡನೆ 2021ರಲ್ಲಿ ಒಪ್ಪಂದವಾಗಿದೆ. ಬಿಡದಿಯ ಕಾರ್ಖಾನೆಯಲ್ಲಿ ಅನುಭವ ಪಡೆದ ಚನ್ನಪಟ್ಟಣದ ಐಟಿಐ ಹುಡುಗನೂ ಕೌಶಲ ಮತ್ತು ಜಪಾನಿ ಭಾಷೆಯ ಪರೀಕ್ಷೆ ಪಾಸಾದರೆ ಪ್ರಯತ್ನಿಸಬಹುದು. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಮಾತ್ರ ಇರಬಹುದು, ಕುಟುಂಬ ಕರೆದೊಯ್ಯುವಂತಿಲ್ಲ. ಎರಡನೇ ಹಂತಕ್ಕೆ ಏರಿದರೆ ಎರಡೂ ಮಿತಿ ಸಡಿಲವಾಗುತ್ತವೆ.

ಜರ್ಮನಿ: ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವಾರ್ಷಿಕ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಹೇಳಿದೆ. ಕುಶಲ ಕೆಲಸಗಾರರು ಮೂರು ವರ್ಷದ ನಂತರ, ಪಿಂಚಣಿ ವಂತಿಗೆ ಮತ್ತು ಬಿ1 ಮಟ್ಟದ ಜರ್ಮನ್ ಇದ್ದರೆ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಅಮೆರಿಕ: ಕನಕಪುರದ ಎಂಜಿನಿಯರ್‌ಗೆ ಎಚ್-1ಬಿ ಸಿಕ್ಕರೆ ಸಾಮಾನ್ಯವಾಗಿ ಆರು ವರ್ಷ ಇರಬಹುದು. ಗ್ರೀನ್ ಕಾರ್ಡ್‌ಗೆ ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಬಹಳ ಉದ್ದವಾಗಿದೆ.

ಬ್ರಿಟನ್: ಆರೈಕೆ ಕೆಲಸಗಾರರನ್ನು ವಿದೇಶದಿಂದ ಹೊಸದಾಗಿ ಕರೆಸಿಕೊಳ್ಳುವುದನ್ನು 2025ರ ಜುಲೈ 22ರಿಂದ ನಿಲ್ಲಿಸಿದೆ. ನಿಯಮಗಳು ಹೀಗೆ ಬದಲಾಗುತ್ತಲೇ ಇರುವುದರಿಂದ ಹಣ ಕಟ್ಟುವ ದಿನ ಏನಿದೆ ಎಂದು ನೋಡಿ. ಪರಿಚಯದವರು ಎರಡು ವರ್ಷದ ಹಿಂದೆ ಹೋದ ದಾರಿ ಇಂದು ಮುಚ್ಚಿರಬಹುದು.

ಹಣ ಕೊಡುವ ಮುನ್ನ ಏನು ನೋಡಬೇಕು?

• ಟ್ರಾವೆಲ್ ಏಜೆನ್ಸಿ ಎಂಬ ಬೋರ್ಡ್ ಇದ್ದರೆ ಸಾಲದು. ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸಲು ವಿದೇಶಾಂಗ ಸಚಿವಾಲಯದ ನೋಂದಣಿ ಬೇಕು. ಹೆಸರು ಪಟ್ಟಿಯಲ್ಲಿದೆಯೇ ಎಂದು ಇ-ಮೈಗ್ರೇಟ್‌ನಲ್ಲಿ ಹುಡುಕಿ.
• ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಪಡೆಯಿರಿ.
• ಒಪ್ಪಂದದ ಪ್ರತಿ, ವೀಸಾದ ಪ್ರತಿ, ಪಾಸ್‌ಪೋರ್ಟ್‌ನ ಜೆರಾಕ್ಸ್ ಮನೆಯವರ ಬಳಿಯೂ ಇರಲಿ.
• ಬೆಂಗಳೂರಿನಲ್ಲಿ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅಲ್ಲಿ ವಿಚಾರಿಸಬಹುದು.
• ಸಹಾಯವಾಣಿ: 1800 11 3090.

ನಮ್ಮ ತೀರ್ಮಾನ

‘ಹೋದ ಮೇಲೆ ಎಲ್ಲ ಸರಿಹೋಗುತ್ತದೆ’ ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಕೆಲಸಕ್ಕೆ ಹೋಗುವವರು ಕೆಲಸದ ವೀಸಾದಲ್ಲೇ ಹೋಗಬೇಕು. ಒಪ್ಪಂದ, ಅನುಮತಿ, ವಿಮೆ ಮೂರೂ ವಿಮಾನ ಹತ್ತುವ ಮೊದಲೇ ಕೈಯಲ್ಲಿರಬೇಕು.