ಎಷ್ಟು ಚಿತ್ರ ಹಿಡಿಯುತ್ತದೆ? ಒಂದು ಪ್ರಶ್ನೆಯ ಚರಿತ್ರೆ

ಕಳೆದ ಮಾರ್ಗಶಿರದಲ್ಲಿ ಹಾಸನದ ಕಡೆಯ ನಮ್ಮ ಹಳ್ಳಿಯಿಂದ ತಂದೆಯವರು ಬಂದಿದ್ದರು. ಅವರನ್ನು ಮಾಮಲ್ಲಪುರಕ್ಕೆ ಕರೆದೊಯ್ಯುವ ಹಿಂದಿನ ಸಂಜೆ ಶೋಳಿಂಗನಲ್ಲೂರಿನ ಕೂಡುರಸ್ತೆಯ ಬಳಿಯ ಅಂಗಡಿಯೊಂದರಲ್ಲಿ ಕ್ಯಾಮೆರಾಕ್ಕೆಂದು 32 ಗಿಗಾಬೈಟಿನ ಮೆಮೊರಿ ಕಾರ್ಡೊಂದನ್ನು ಕೊಂಡೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಆ ಕಪ್ಪು ಬಿಲ್ಲೆಯನ್ನು ತಂದೆಯವರು ಅಂಗೈಯಲ್ಲಿ ಹೊರಳಿಸಿ ನೋಡಿ, "ಎಷ್ಟು ಫೋಟೋ ಹಿಡಿಯುತ್ತಪ್ಪ ಇದು?" ಎಂದು ಕೇಳಿದರು. "ಲೆಕ್ಕವೇ ಇಲ್ಲ ಅಪ್ಪಾ, ಎಷ್ಟು ಬೇಕಾದರೂ ತೆಗೆಯಬಹುದು" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಲೆಕ್ಕ ಇಲ್ಲ ಅಂದ್ರೇನು? ದುಡ್ಡು ಎಣಿಸಿ ತಗೊಂಡಿದಾನಲ್ಲ ಅಂಗಡಿಯವನು!" ಎಂದರು.

ತಂದೆಯವರು ಲೆಕ್ಕ ಕೇಳಿದ್ದಕ್ಕೆ ಕಾರಣವಿತ್ತು. ಅವರ ಯೌವನದ ಕ್ಯಾಮೆರಾ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಅದಕ್ಕೆ ಹಾಕುತ್ತಿದ್ದ 120 ಎಂಬ ಅಳತೆಯ ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳು ಮಾತ್ರ ಮೂಡುತ್ತಿದ್ದವು. 1973ರ ಬೇಸಿಗೆಯಲ್ಲಿ ನಮ್ಮ ಸೋದರತ್ತೆಯ ಮದುವೆಗೆ ಮನೆಯವರು ಕೊಳ್ಳಲು ಸಾಧ್ಯವಾದದ್ದು ಒಂದೇ ಸುರುಳಿ. ಯಾವ ಹನ್ನೆರಡು ಚಿತ್ರಗಳನ್ನು ತೆಗೆಯಬೇಕೆಂದು ತಂದೆಯವರು ಮೊದಲೇ ಪುಸ್ತಕದಲ್ಲಿ ಬರೆದುಕೊಂಡಿದ್ದರಂತೆ: ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಬೀಗರ ಸಾಲು, ಹೀಗೆ. ಹೇಗೋ ಲೆಕ್ಕ ತಪ್ಪಿ ಒಂದು ಚಿತ್ರ ಉಳಿದುಬಿಟ್ಟಿತು. ಸುರುಳಿ ಮುಗಿಯದೆ ಅದನ್ನು ತೊಳೆಸಲು ಹಾಸನಕ್ಕೆ ಕೊಡುವುದು ನಷ್ಟ. ಮರುದಿನ ಬೆಳಿಗ್ಗೆ ಹಿತ್ತಿಲ ಬಾವಿಕಟ್ಟೆಯ ಬಳಿ ಮದುವೆಯ ಪಾತ್ರೆಗಳನ್ನು ಬೆಳಗುತ್ತಿದ್ದ ಅಜ್ಜಿಯ ಕಡೆಗೆ ಕ್ಯಾಮೆರಾ ತಿರುಗಿಸಿ, "ಮುಗಿಸಿಬಿಡೋಣ" ಎಂದು ಗುಂಡಿ ಒತ್ತಿದರು. ಅಜ್ಜಿ ಒಬ್ಬರೇ ಇರುವ ಚಿತ್ರ ನಮ್ಮ ಮನೆಯಲ್ಲಿ ಅದೊಂದೇ.

ತಂದೆಯವರ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಛಾಯಾಗ್ರಹಣದ ಇತಿಹಾಸವನ್ನು ಈ ಒಂದು ಪ್ರಶ್ನೆಯ ಮೂಲಕವೇ ಓದಬಹುದೆಂದೂ, ಅದರ ಮುಖ್ಯ ಘಟ್ಟಗಳಲ್ಲಿ ಕೆಲವು ಕನ್ನಡ ನಾಡಿಗೂ ನಾವೀಗ ನೆಲೆಸಿರುವ ಈ ಮಹಾನಗರಕ್ಕೂ ಸೇರಿದವೆಂದೂ ಆಮೇಲೆ ತಿಳಿಯಿತು.

ಕನ್ನಡ ನಾಡಿನ ದೇಗುಲಗಳನ್ನು ಮೊದಮೊದಲು ಕ್ಯಾಮೆರಾದಲ್ಲಿ ಹಿಡಿದವರು ಮದರಾಸು ಸೈನ್ಯದ ಅಧಿಕಾರಿಗಳು. 1854ರ ಡಿಸೆಂಬರಿನಲ್ಲಿ ಲಿನೀಯಸ್ ಟ್ರೈಪ್ ಎಂಬ ಅಧಿಕಾರಿ ಬೇಲೂರು, ಹಳೇಬೀಡುಗಳಿಗೆ ಹೋಗಿ ಅಲ್ಲಿನ ಗುಡಿಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನು 68 ಚಿತ್ರಗಳನ್ನಿಟ್ಟು ಪದಕ ಪಡೆದ. ಆ ಕಾಲದ ನೆಗೆಟಿವ್ ಎಂದರೆ ಕಾಗದ. ಒಂದು ಹಾಳೆಗೆ ಒಂದೇ ಚಿತ್ರ. ಹಾಳೆಗೆ ಮದ್ದು ಸವರಿ, ಕತ್ತಲಲ್ಲಿ ಒಣಗಿಸಿ, ಮರದ ಪೆಟ್ಟಿಗೆಯಂಥ ಕ್ಯಾಮೆರಾದಲ್ಲಿಟ್ಟು, ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಸಾಮಾನು ಹೊರಲು ಎತ್ತಿನ ಗಾಡಿಗಳು ಬೇಕು. ಎಷ್ಟು ಚಿತ್ರ ಎಂಬುದನ್ನು ಗಾಡಿಯ ಭಾರವೂ ಹವೆಯೂ ಸರ್ಕಾರದ ಬೊಕ್ಕಸವೂ ಸೇರಿ ನಿರ್ಧರಿಸುತ್ತಿದ್ದವು. 1856ರಲ್ಲಿ ಟ್ರೈಪ್ ಮದರಾಸು ಪ್ರಾಂತದ ಸರ್ಕಾರಿ ಛಾಯಾಗ್ರಾಹಕನಾದ. ತಂಜಾವೂರಿನ ದೊಡ್ಡ ದೇಗುಲದ ಅಧಿಷ್ಠಾನದ ಶಾಸನಗಳನ್ನು 21 ಚಿತ್ರಗಳಲ್ಲಿ ಹಿಡಿದು, ಅವುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದನೆಯ ಪಟ್ಟಿ ಮಾಡಿದ. ಆದರೆ 1859ರಲ್ಲಿ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಇದೆಲ್ಲ ಬೊಕ್ಕಸಕ್ಕೆ ಹೊರೆಯೆಂದು ಆ ಕೆಲಸವನ್ನೇ ನಿಲ್ಲಿಸಿಬಿಟ್ಟ.

ಇದೇ ಕಾಲದಲ್ಲಿ, 1856ರ ಸುಮಾರಿಗೆ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪೆಯ ಹಾಳು ಪಟ್ಟಣದಲ್ಲಿ ಅಲೆದು ಸುಮಾರು ಅರವತ್ತು ದೊಡ್ಡ ಕಾಗದದ ನೆಗೆಟಿವ್‌ಗಳನ್ನು ಮಾಡಿದ. ಇಡೀ ವಿಜಯನಗರಕ್ಕೆ ಅರವತ್ತು! ಇಂದು ಹಂಪೆಗೆ ಹೋದವರು ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆಯೇ ಅದಕ್ಕಿಂತ ಹೆಚ್ಚು ತೆಗೆಯುತ್ತಾರೆ. ಗ್ರೀನ್‌ಲಾನ ನೆಗೆಟಿವ್‌ಗಳು ಸುಮಾರು ನೂರಿಪ್ಪತ್ತು ವರ್ಷ ಲೋಕದ ಕಣ್ಣಿಗೆ ಮರೆಯಾಗಿದ್ದು ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಅವೇ ದೃಶ್ಯಗಳನ್ನು ಪುನಃ ಸೆರೆಹಿಡಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಯಾವ ಗೋಪುರ ಕುಸಿದಿದೆ, ಯಾವ ಗಾರೆಯ ಕೆಲಸ ಉದುರಿದೆ ಎಂಬುದೆಲ್ಲ ಕಾಣುತ್ತದೆ. ಸಂಖ್ಯೆ ಕಡಿಮೆಯಿದ್ದುದರಿಂದ ಗ್ರೀನ್‌ಲಾ ಪ್ರತಿಯೊಂದು ಹಾಳೆಗೂ ಜಾಗವನ್ನು ಆರಿಸಿದ್ದ. ಆ ಆಯ್ಕೆಯೇ ನಮಗೆ ಇಂದು ಆಧಾರವಾಗಿದೆ.

ಮುಂದಿನ ದಾರಿಯನ್ನು ಚುಟುಕಾಗಿ ಹೇಳಬಹುದು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾದ ಸುರುಳಿಯಲ್ಲಿ ನೂರು ಚಿತ್ರಗಳಿದ್ದವು. ಅವು ಮುಗಿದಾಗ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕಿತ್ತು. ಇಪ್ಪತ್ತನೆಯ ಶತಮಾನದಲ್ಲಿ 35 ಮಿಲಿಮೀಟರ್ ಫಿಲ್ಮಿನ ಡಬ್ಬಿ ರೂಢಿಯಾದ ಮೇಲೆ 24 ಮತ್ತು 36 ಎಂಬ ಸಂಖ್ಯೆಗಳು ಜಗತ್ತಿನ ಮನೆಮನೆಗೂ ಗೊತ್ತಾದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಸ್ವದೇಶಿ ಫಿಲ್ಮನ್ನು ಮಾರಿತು. ಪ್ರವಾಸಕ್ಕೆ ಹೊರಟವರು ಜೋಗಕ್ಕೆ ಹತ್ತು, ಶೃಂಗೇರಿಗೆ ಆರು ಎಂದು ಮನಸ್ಸಿನಲ್ಲೇ ಹಂಚಿಕೊಳ್ಳುತ್ತಿದ್ದರು.

ಈ ಎಣಿಕೆ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಡಿಜಿಟಲ್ ಕ್ಯಾಮೆರಾದ ಹುಟ್ಟಿನಲ್ಲೇ ಸಾಕ್ಷ್ಯವಿದೆ. 1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಮಾದರಿ ಪ್ರತಿ ಚಿತ್ರವನ್ನೂ ನೂರು ಸಾಲು, ಸಾಲಿಗೆ ನೂರು ಚುಕ್ಕಿಗಳಾಗಿ ಹಿಡಿದು, ಹಾಡು ಕೇಳುವಂಥ ಕ್ಯಾಸೆಟ್ಟಿನ ಮೇಲೆ 23 ಸೆಕೆಂಡುಗಳಲ್ಲಿ ಬರೆಯುತ್ತಿತ್ತು. ಒಂದು ಕ್ಯಾಸೆಟ್ಟಿಗೆ ಎಷ್ಟು ಚಿತ್ರ ಎಂಬುದನ್ನು ಅವರೇ ತೀರ್ಮಾನಿಸಬೇಕಿತ್ತು. ಜನ 24ಕ್ಕೂ 36ಕ್ಕೂ ಒಗ್ಗಿಹೋಗಿದ್ದಾರೆಂದು ಅವೆರಡರ ನಡುವಿನ 30ನ್ನು ಆರಿಸಿಕೊಂಡದ್ದಾಗಿ ಅವರು ಮುಂದೆ ಹೇಳಿದ್ದಾರೆ.

ಮೂವತ್ತರಿಂದ ಸಾವಿರಗಳಿಗೆ ಹೋಗಲು ಎರಡು ಸಂಗತಿಗಳು ಬೇಕಾದವು. ಒಂದು, ಚಿತ್ರವನ್ನಿಡುವ ಜಾಗ. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ 1984ರಲ್ಲಿ ಪ್ರಕಟಿಸಿದ ಫ್ಲ್ಯಾಶ್ ಮೆಮೊರಿ ಅದನ್ನು ಒದಗಿಸಿತು. ಎಸ್‌ಡಿ ಕಾರ್ಡು 1999ರಲ್ಲಿ ಘೋಷಣೆಯಾಯಿತು. ಮೊದಲ ಕಾರ್ಡುಗಳು 32 ಮತ್ತು 64 ಮೆಗಾಬೈಟಿನವು. ಅವುಗಳಲ್ಲಿ ಚಿಕ್ಕದು ನಾನು ಕೊಂಡ ಕಾರ್ಡಿನ ಸಾವಿರದಲ್ಲೊಂದು ಪಾಲು. ಇನ್ನೊಂದು, ಚಿತ್ರವನ್ನು ಕುಗ್ಗಿಸುವ ವಿದ್ಯೆ. ನಮ್ಮ ಕಥೆ ಕನ್ನಡ ನಾಡಿಗೆ ಮರಳುವುದು ಇಲ್ಲಿಯೇ.

ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಯುವಿಸಿಇ ಎಂದು ಹೆಸರಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿ, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರದ ಚುಕ್ಕಿಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಅದನ್ನು ಬಹಳ ಕಡಿಮೆ ಜಾಗದಲ್ಲಿಡಬಹುದೆಂದು ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿದಾಗ ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರ ಸರಳವಾಯಿತೆಂದು ಒಬ್ಬ ಪರಿಶೀಲಕರ ಅಭಿಪ್ರಾಯ. ಆದರೂ 1973ರ ಬೇಸಿಗೆಯನ್ನಿಡೀ ಅವರು ಅದಕ್ಕೇ ಮೀಸಲಿಟ್ಟರು. ನಮ್ಮ ತಂದೆಯವರು ಹನ್ನೆರಡು ಚಿತ್ರಗಳ ಪಟ್ಟಿ ಬರೆದದ್ದೂ ಅದೇ ಬೇಸಿಗೆಯಲ್ಲಿ. ಅಹಮದರ ಜೊತೆಗಿದ್ದವರು ಇಬ್ಬರು: ಶಿಷ್ಯ ಟಿ. ನಟರಾಜನ್ ಮತ್ತು ಮಿತ್ರ ಕೆ. ಆರ್. ರಾವ್. ಈ ರಾಯರು 1952ರಲ್ಲಿ ಪದವಿ ಪಡೆದದ್ದು ನಮ್ಮ ಶೋಳಿಂಗನಲ್ಲೂರಿನಿಂದ ಹೆಚ್ಚು ದೂರವಿಲ್ಲದ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಮೂವರ ಹೆಸರಿನ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. 1992ರಲ್ಲಿ ರೂಪುಗೊಂಡ ಜೆಪೆಗ್ ಮಾನಕದ ಹೃದಯ ಅದೇ ಗಣಿತ.

ಅದು ಮಾಡುವ ಕೆಲಸ ಇಷ್ಟು. ಚಿತ್ರವನ್ನು ಎಂಟು ಸಾಲು, ಎಂಟು ಕಂಬಗಳ ಪುಟ್ಟ ಚೌಕಗಳಾಗಿ ಒಡೆಯಲಾಗುತ್ತದೆ. ಪ್ರತಿ ಚೌಕದ 64 ಚುಕ್ಕಿಗಳ ಬದಲು 64 ಅಲೆಗಳ ಪ್ರಮಾಣವನ್ನು ಬರೆಯಲಾಗುತ್ತದೆ. ನಿಧಾನವಾಗಿ ಏರಿಳಿಯುವ ಅಲೆಗಳಲ್ಲಿ ಚಿತ್ರದ ಬಹುಪಾಲು ತಿರುಳಿರುತ್ತದೆ. ಬಹು ಸೂಕ್ಷ್ಮವಾದ ಅಲೆಗಳನ್ನು ಕೈಬಿಟ್ಟರೂ ನಮ್ಮ ಕಣ್ಣಿಗೆ ಕೊರತೆ ತೋರುವುದಿಲ್ಲ. ಹಾಗೆ ಕೈಬಿಟ್ಟದ್ದು ಮರಳಿ ಬರುವುದೂ ಇಲ್ಲ.

ಈಗ ತಂದೆಯವರಿಗೆ ಲೆಕ್ಕ ಒಪ್ಪಿಸಬಹುದು. ನನ್ನ ಕ್ಯಾಮೆರಾ ಒಂದು ಚಿತ್ರಕ್ಕೆ 1.2 ಕೋಟಿ ಚುಕ್ಕಿಗಳನ್ನು ಹಿಡಿಯುತ್ತದೆ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಎಂದರೆ 3.6 ಕೋಟಿ ಬೈಟ್. ಕಾರ್ಡಿನಲ್ಲಿರುವುದು 3,200 ಕೋಟಿ ಬೈಟ್. ಕುಗ್ಗಿಸದೆ ಇಟ್ಟರೆ ಹಿಡಿಯುವುದು 888 ಚಿತ್ರ. ಜೆಪೆಗ್ ವಿಧಾನದಲ್ಲಿ ಒಂದು ಚಿತ್ರಕ್ಕೆ ಸುಮಾರು 50 ಲಕ್ಷ ಬೈಟ್ ಸಾಕೆಂದರೆ 6,400. ಎಂದರೆ ಐದೂವರೆ ಸಾವಿರ ಚಿತ್ರಗಳು ಕೂತಿರುವುದು ಬೆಂಗಳೂರಿನ ಮತ್ತು ಗಿಂಡಿಯ ಹಳೆಯ ವಿದ್ಯಾರ್ಥಿಗಳು ತೆರವು ಮಾಡಿಕೊಟ್ಟ ಜಾಗದಲ್ಲಿ. ಆದರೂ ಈ 6,400 ಬರೀ ಅಂದಾಜು. ಮರೀನಾದ ಮೋಡವಿಲ್ಲದ ಆಕಾಶಕ್ಕೆ ಕೆಲವೇ ಅಲೆಗಳು ಸಾಕು. ಹಳೇಬೀಡಿನ ಗೋಡೆಯ ಆನೆ, ಕುದುರೆ, ಬಳ್ಳಿಗಳ ಸಾಲಿಗೆ ಬಹಳ ಬೇಕು. ಬರೀ ಆಕಾಶ ನೋಡುವವನ ಕಾರ್ಡಿನಲ್ಲಿ ಹೆಚ್ಚು ಚಿತ್ರ, ಹೊಯ್ಸಳ ಶಿಲ್ಪ ನೋಡುವವನ ಕಾರ್ಡಿನಲ್ಲಿ ಕಡಿಮೆ. ಕ್ಯಾಮೆರಾದ ಪರದೆಯ ಮೇಲೆ 'ಉಳಿದ ಚಿತ್ರಗಳು' ಎಂದು ತೋರುವ ಸಂಖ್ಯೆ ಒಮ್ಮೆ ಗುಂಡಿ ಒತ್ತಿದರೂ ಇಳಿಯದೆ ಇನ್ನೊಮ್ಮೆ ಎರಡು ಇಳಿಯುವುದು ಇದೇ ಕಾರಣಕ್ಕೆ.

ಹಿಂದಿನವರು ಗುಂಡಿ ಒತ್ತುವ ಮೊದಲು ಬಿಡಬೇಕಾದುದನ್ನು ಬಿಡುತ್ತಿದ್ದರು. ಈಗ ಬಿಡುವ ಕೆಲಸವನ್ನು ಗಣಿತಕ್ಕೆ ಒಪ್ಪಿಸಿದ್ದೇವೆ, ಅದೂ ನಮಗೆ ಕಾಣದಷ್ಟು ಸಣ್ಣದನ್ನು ಮಾತ್ರ ಬಿಡುತ್ತದೆ. ದೊಡ್ಡದನ್ನು ಆರಿಸುವ ಕೆಲಸ ಯಾರ ಪಾಲಿಗೂ ಬರದೆ ಹಾಗೇ ಉಳಿದಿದೆ. ಇದರಲ್ಲಿ ಲಾಭವಿಲ್ಲವೆಂದಲ್ಲ. ಊರಿನಿಂದ ದೂರವಿರುವ ನಮ್ಮಂಥವರಿಗೆ ಜಾತ್ರೆಯ ತೇರು, ತಂಗಿಯ ಮಗುವಿನ ಮೊದಲ ಹೆಜ್ಜೆ ಎಲ್ಲ ಅಂದೇ ಕೈಗೆ ಸಿಗುತ್ತಿರುವುದು ಆ ಕೊಸೈನ್ ಅಲೆಗಳಿಂದಲೇ. ಸುರುಳಿಯ ಕಾಲದಲ್ಲಿ ಅಜ್ಜಿಯಂಥವರಿಗೆ ದೊರೆತದ್ದು ಉಳಿಕೆಯ ಒಂದು ಚೌಕ ಮಾತ್ರ ಎಂಬುದನ್ನೂ ಮರೆಯಬಾರದು. ತಂದೆಯವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಮೊನ್ನೆ ಫೋನಿನಲ್ಲಿ ತಂದೆಯವರಿಗೆ 6,400 ಎಂಬ ಉತ್ತರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟನ್ನೂ ನೋಡೋಕೆ ಎಷ್ಟು ಹೊತ್ತು ಬೇಕು?" ಎಂದರು. ಚಿತ್ರಕ್ಕೆ ಐದು ಸೆಕೆಂಡೆಂದರೂ ಸುಮಾರು ಒಂಬತ್ತು ಗಂಟೆ. ಮಾಮಲ್ಲಪುರದಲ್ಲಿ ತೆಗೆದವುಗಳನ್ನೇ ನಾನಿನ್ನೂ ಪೂರ್ತಿ ನೋಡಿಲ್ಲವೆಂದು ಅವರಿಗೆ ಹೇಳಲಿಲ್ಲ.

ಕಾರ್ಡಿನಲ್ಲಿ ಚಿತ್ರವೆಂದರೆ ನಿರೋಧಕದ ನಡುವೆ ಸಿಕ್ಕಿಹಾಕಿಸಿದ ಎಲೆಕ್ಟ್ರಾನುಗಳು. ವರ್ಷಗಳು ಕಳೆದಂತೆ ಅವು ಸೋರಿಹೋಗುತ್ತವೆ. ಗ್ರೀನ್‌ಲಾನ ಕಾಗದ ಉಳಿದಷ್ಟು ಕಾಲ ಈ ಬಿಲ್ಲೆ ಉಳಿಯುವ ಭರವಸೆಯಿಲ್ಲ. ತಂದೆಯವರು ಬಂದಾಗ ಅಜ್ಜಿಯ ಆ ಚೌಕ ಚಿತ್ರವನ್ನು ಚೀಲದಲ್ಲಿ ತಂದಿದ್ದರು. ಅದನ್ನು ಹೊಸ ಕ್ಯಾಮೆರಾದಲ್ಲಿ ಪ್ರತಿ ತೆಗೆದಿಟ್ಟುಕೊಂಡಿದ್ದೆ. ಈ ವಾರ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಒಂದನ್ನು ಇಲ್ಲಿ ಗೋಡೆಗೆ ಹಾಕಿ, ಇನ್ನೊಂದನ್ನು ಸೋದರತ್ತೆಗೆ ಅಂಚೆಯಲ್ಲಿ ಕಳುಹಿಸಿದೆ.